ಕರಿ ಪ್ಯಾದೆಗೆ ಹಾದಿ ಬಿಡು

ಗೋಡೆಯ ಬಿರುಕು ಹಳೆಯದೋ ಹೊಸದೋ ಎಂದು ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಉಮರ್ಗಾ ತಾಲೂಕಿನಲ್ಲಿ ಇರಲಿಲ್ಲ. ಇದು ಜಂಬದ ಮಾತಲ್ಲ, ನನಗೆ ಅಂಟಿದ ರೋಗದ ಮೂಲ ಹೇಳುತ್ತಿದ್ದೇನೆ.

ಭೂಕಂಪವಾದ ವರ್ಷ ಶಾಲೆ ಮುಚ್ಚಿತ್ತು. ನಮ್ಮಂಥ ಮಾಸ್ತರರನ್ನು ಪಂಚನಾಮೆಗೆ ಹಚ್ಚಿದ್ದರು. ಹಳ್ಳಿಹಳ್ಳಿ ತಿರುಗಿ ಯಾರ ಮನೆ ಪೂರ್ತಿ ಬಿದ್ದಿದೆ, ಯಾರದು ಬಿರುಕು ಬಿಟ್ಟಿದೆ ಎಂದು ಬರೆದುಕೊಂಡು ಬರಬೇಕು. ಮೊದಲ ವಾರ ನಾನು ಕಣ್ಣೀರು ಒರೆಸಿಕೊಳ್ಳುತ್ತಲೇ ಬರೆದೆ. ಎರಡನೆಯ ವಾರ ಒಬ್ಬ ಹಿರಿಯ ಮನುಷ್ಯ ತನ್ನ ಗೋಡೆಯ ಬಿರುಕು ತೋರಿಸಿ ಎದೆ ಬಡಿದುಕೊಂಡ. ಅದರೊಳಗೆ ಬೆರಳು ಹಾಕಿದರೆ ಜೇಡರ ಬಲೆ, ಬಲೆಯ ಹಿಂದೆ ಹಳೆಯ ಸುಣ್ಣ. ಹೊಸ ಬಿರುಕಿನೊಳಗೆ ಸುಣ್ಣ ಹೇಗೆ ಇಳಿಯುತ್ತದೆ? ಇನ್ನೊಂದು ಊರಿನಲ್ಲಿ ಕುಡಗೋಲಿನಿಂದ ಕೆತ್ತಿದ ಬಿರುಕು ಸಿಕ್ಕಿತು. ಅಲ್ಲಿಂದ ನನ್ನ ಕಣ್ಣು ಕೆಟ್ಟಿತು. ನಿಜವಾಗಿ ಎಲ್ಲವನ್ನೂ ಕಳೆದುಕೊಂಡು ಕಲ್ಲಿನ ಗುಡ್ಡೆಯ ಮುಂದೆ ಸುಮ್ಮನೆ ಕೂತವರನ್ನೂ ನಾನು ಅದೇ ಕಣ್ಣಿನಿಂದ ನೋಡಿದೆ.

ಪಂಚನಾಮೆ ಮುಗಿಯಿತು, ಶಾಲೆ ತೆರೆಯಿತು, ರೋಗ ಮಾತ್ರ ಹೋಗಲಿಲ್ಲ. ಹಾಲಿನವನ ಮೇಲೆ ಸಂಶಯ, ಬಸ್ ನಿಲ್ದಾಣದ ಗಡಿಯಾರದ ಮೇಲೆ ಸಂಶಯ, ಸೋಯರಿಕೆಯ ನೆಂಟರ ನಗುವಿನ ಮೇಲೂ ಸಂಶಯ. ನನ್ನ ಹೆಂಡತಿ ಬೀದರ್ ಕಡೆಯವಳು. ಆಕೆಯ ನಾಲಿಗೆಗೆ ಬ್ರೇಕು ಇಲ್ಲ. "ಮೊಸರಿನ್ಯಾಗ ಕಲ್ಲು ಹುಡುಕಾವ್ರು ನೋಡೀನಿ. ನೀವು ಕಲ್ಲಿಲ್ಲಂದ್ರ ಮೊಸರಾ ಸುಳ್ಳು ಅಂತೀರಿ," ಎನ್ನುತ್ತಿದ್ದಳು. ಅಯ್ಯೋ, ಆಕೆ ಹೇಳಿದ್ದು ಎಷ್ಟು ನಿಜ ಎಂದು ಆಗ ತಿಳಿಯಲಿಲ್ಲ.

ನಾನು ಹುಟ್ಟಿದ್ದು ಆಳಂದದ ಕಡೆ. ಗಣಿತದ ಮಾಸ್ತರನಾಗಿ ಉಮರ್ಗಾಕ್ಕೆ ಬಂದವನು ಇಲ್ಲಿಯೇ ಬೇರು ಬಿಟ್ಟೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ಚದುರಂಗ ಕಲಿತದ್ದು ಕಲಬುರಗಿಯ ಕಾಲೇಜಿನಲ್ಲಿ, ಛಾಪಾದ ಪುಸ್ತಕ ಮುಂದಿಟ್ಟುಕೊಂಡು. ಉಮರ್ಗಾದ ಒಂದು ಸಣ್ಣ ಮರಾಠಿ ವಾರಪತ್ರಿಕೆಯಲ್ಲಿ ನನಗೊಂದು ಚದುರಂಗದ ಮೂಲೆ ಕೊಟ್ಟಿದ್ದರು. ವಾರಕ್ಕೊಂದು ಹಾಸಿನ ಚಿತ್ರ, ಅದರ ಕೆಳಗೆ ಒಂದು ಸಮಸ್ಯೆ. ಆಡುತ್ತಾ ಆಡುತ್ತಾ ಬಂದ ಆಟವಲ್ಲ ಅದು. ಯಾರೋ ಕೂತು, ತಲೆ ಕೆರೆದುಕೊಂಡು ಕಟ್ಟಿದ ಕೊನೆಯಾಟ. ನಾಲ್ಕೈದು ಕಾಯಿ ಉಳಿದಿರುತ್ತವೆ. ಬಿಳಿ ಮೊದಲು ನಡೆಯಬೇಕು, ಬಿಳಿ ಗೆಲ್ಲಬೇಕು, ಗೆಲ್ಲುವ ಹಾದಿ ಒಂದೇ ಇರಬೇಕು. ಎರಡು ಹಾದಿ ಇದ್ದರೆ ಸಮಸ್ಯೆ ಕೆಟ್ಟಿತು. ಒಂದೂ ಇಲ್ಲದಿದ್ದರೆ ಪೂರ್ತಿ ಕೆಟ್ಟಿತು. ಓದುಗರು ಕಳಿಸಿದ ಸಮಸ್ಯೆಗಳನ್ನು ಬಿಡಿಸಿ ಹುಳುಕು ಹುಡುಕುವುದೆಂದರೆ ನನಗೆ ಊಟಕ್ಕಿಂತ ಹೆಚ್ಚು. ಅಲ್ಲಿಯೂ ನಾನು ಬಿರುಕನ್ನೇ ನೋಡುತ್ತಿದ್ದೆ ಅನ್ನಿ.

ಒಂದು ದಿನ ಮರಾಠಿಯಲ್ಲಿ ಬರೆದ ಒಂದು ಅಂಚೆ ಕಾಗದ ಬಂತು. ಅಕ್ಷರ ಹೆಂಗಸಿನದು. ಭೂಕಂಪದಲ್ಲಿ ನೆಲಸಮವಾಗಿ, ಬೇರೆ ಕಡೆ ಹೊಸದಾಗಿ ಕಟ್ಟಿದ ಒಂದು ಊರಿನಿಂದ ಬರೆದಿದ್ದಳು. 'ಇದು ನಮ್ಮ ತಂದೆ ಕಟ್ಟಿದ ಸಮಸ್ಯೆ. ಅವರು ಭೂಕಂಪದಲ್ಲಿ ಹೋದರು. ಅವರ ಹೆಸರಿನಲ್ಲಿ ಇದನ್ನು ಛಾಪಿಸಬೇಕೆಂದು ವಿನಂತಿ.' ಕೆಳಗೆ ಪಟ್ಟಿ ಹಿಡಿದು ಎಳೆದ ಹಾಸು, ತಂದೆಯ ಹೆಸರು, ತಂದೆಯ ಮಾತಿನಲ್ಲೇ ಉತ್ತರ. ಉತ್ತರ ಎರಡೇ ವಾಕ್ಯ: ಕರಿ ಪ್ಯಾದೆಗೆ ಹಾದಿ ಬಿಡು. ನಿನ್ನ ಪ್ಯಾದೆ ನಡೆಸು.

ಹಾಸಿನ ಮೇಲೆ ನಾಲ್ಕೇ ಕಾಯಿ. ಬಿಳಿಗೆ ಒಬ್ಬ ರಾಜ, ಒಂದು ಪ್ಯಾದೆ, ಅಂದರೆ ಕಾಲಾಳು. ಕರಿಗೂ ಒಬ್ಬ ರಾಜ, ಒಂದು ಪ್ಯಾದೆ. ಎರಡೂ ಪ್ಯಾದೆಗಳು ತಮ್ಮ ತಮ್ಮ ಕೊನೆಯ ಮನೆಗೆ ಎರಡು ಹೆಜ್ಜೆ ದೂರದಲ್ಲಿದ್ದವು. ಬಿಳಿ ರಾಜ ಮನಸ್ಸು ಮಾಡಿದರೆ ಕರಿ ಪ್ಯಾದೆಯನ್ನು ಬೆನ್ನಟ್ಟಿ ಹಿಡಿಯಬಲ್ಲ. ಆದರೆ ಅಷ್ಟರಲ್ಲಿ ಕರಿ ರಾಜ ಬಿಳಿ ಪ್ಯಾದೆಯನ್ನು ಹೊಡೆದು ಹಾಕುತ್ತಾನೆ, ಇಬ್ಬರು ರಾಜರೂ ಬರಿಗೈಯಲ್ಲಿ ನಿಲ್ಲುತ್ತಾರೆ, ಆಟ ಸಮ. ಹಿಡಿಯಲು ಹೋಗದೆ ತನ್ನ ಪ್ಯಾದೆಯನ್ನೇ ನಡೆಸಿದರೆ? ಬಿಳಿ ಪ್ಯಾದೆ ಕೊನೆಯ ಮನೆ ಮುಟ್ಟಿ ವಜೀರನಾಗುತ್ತದೆ. ವಜೀರ ಎಂದರೆ ಹಾಸಿನ ಮೇಲೆ ಎಲ್ಲಕ್ಕಿಂತ ಬಲವಾದ ಕಾಯಿ, ಕೆಲವರು ರಾಣಿ ಎನ್ನುತ್ತಾರೆ. ಮರುನಡೆಗೆ ಕರಿ ಪ್ಯಾದೆಯೂ ತನ್ನ ಕೊನೆಯ ಮನೆ ಮುಟ್ಟಿ ವಜೀರನಾಗುತ್ತದೆ, ಅದೂ ಬಿಳಿ ರಾಜನಿಗೆ ಶಹ, ಅಂದರೆ ಚೆಕ್, ಕೊಡುತ್ತಲೇ. ಮತ್ತೆ ಸಮ. ಎಲ್ಲಿಂದ ಬಂತು ಗೆಲುವು?

ಐದು ನಿಮಿಷದಲ್ಲಿ ನಕ್ಕು ಪಕ್ಕಕ್ಕಿಟ್ಟೆ. ಸಂಜೆ ಮತ್ತೆ ಕೈಗೆತ್ತಿಕೊಂಡೆ.

ಯಾಕೆಂದರೆ ಅದರಲ್ಲಿ ಒಂದು ಅನುಮಾನದ ಸಂಗತಿಯಿತ್ತು. ಹುಚ್ಚನೊಬ್ಬ ನಾಲ್ಕು ಕಾಯಿಗಳನ್ನು ಹಾಸಿನ ಮೇಲೆ ಚೆಲ್ಲಿದರೆ ಹೀಗೆ ಬೀಳುವುದಿಲ್ಲ. ಬಿಳಿ ರಾಜನನ್ನು ಒಂದು ಮನೆ ದೂರ ಸರಿಸಿ ನೋಡಿದೆ, ಕರಿ ಪ್ಯಾದೆಯನ್ನು ಹಿಡಿಯುವ ಆಸೆಯೇ ಇರುವುದಿಲ್ಲ. ಕರಿ ರಾಜನನ್ನು ಒಂದು ಮನೆ ಹಿಂದೆ ಸರಿಸಿದೆ, ಹಿಡಿದರೂ ಬಿಳಿಯೇ ಗೆಲ್ಲುತ್ತದೆ. ಎಲ್ಲವೂ ಇದ್ದಲ್ಲೇ ಇದ್ದರೆ ಮಾತ್ರ ಆ ಎರಡು ಹಾದಿಗಳ ನಡುವೆ ಮನಸ್ಸು ಹೊಯ್ದಾಡುತ್ತದೆ. ಇದು ಪಳಗಿದ ಕೈಯ ಕೆಲಸ. ಅಂಥ ಕೈ ಕೊನೆಗೆ ಇಷ್ಟು ದೊಡ್ಡ ತಪ್ಪು ಮಾಡುತ್ತದೆಯೇ? ಆಹಾ, ಸಿಕ್ಕಿತು ಎಂದುಕೊಂಡೆ. ಇದು ಕದ್ದ ಮಾಲು. ಯಾವುದೋ ಪುಸ್ತಕದಿಂದ ನಕಲು ಮಾಡುವಾಗ ಒಂದು ಕಾಯಿ ಬಿಟ್ಟುಹೋಗಿದೆ. ಕದ್ದವರಿಗೆ ಬಿಟ್ಟುಹೋದದ್ದು ತಿಳಿದಿಲ್ಲ.

ಎರಡು ತಿಂಗಳು ಆ ಕಾಯಿಯನ್ನು ಹುಡುಕಿದೆ ನೋಡಿ. ಅಲ್ಲೊಂದು ಪ್ಯಾದೆ ಸೇರಿಸಿ ನೋಡುವುದು, ಇಲ್ಲೊಂದು ಒಂಟೆ ಸೇರಿಸಿ ನೋಡುವುದು. ಊಟದ ತಟ್ಟೆಯ ಪಕ್ಕದಲ್ಲೂ ಹಾಸು. ನೀಲಂಗಾದಲ್ಲಿ ನಿವೃತ್ತ ವಕೀಲರೊಬ್ಬರ ಮನೆಯಲ್ಲಿ ಚದುರಂಗದ ಹಳೆಯ ಪುಸ್ತಕಗಳು ಒಂದು ಕಪಾಟು ತುಂಬ ಇದ್ದವು. ನಾಲ್ಕು ರವಿವಾರ ಉಮರ್ಗಾದಿಂದ ಬಸ್ಸು ಹತ್ತಿ ಅಲ್ಲಿಗೆ ಹೋದೆ. ವಕೀಲರು ಚಹಾ ಕೊಟ್ಟು ಮಲಗಿಬಿಡುತ್ತಿದ್ದರು, ನಾನು ಸಂಜೆಯ ಬಸ್ಸಿನವರೆಗೆ ಹಾಳೆ ತಿರುವುತ್ತಿದ್ದೆ. ಆ ನಾಲ್ಕು ಕಾಯಿಯ ಸಮಸ್ಯೆ ಎಲ್ಲಿಯೂ ಸಿಗಲಿಲ್ಲ. ಸಿಗದಿದ್ದರೆ ಸಂಶಯ ಕಡಿಮೆಯಾಗಬೇಕಲ್ಲವೇ? ನನಗೆ ಹೆಚ್ಚಾಯಿತು. ನಾನು ನೋಡದ ಪುಸ್ತಕದಿಂದ ಕದ್ದಿದ್ದಾರೆ ಎಂದುಕೊಂಡೆ.

ಕೊನೆಗೆ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಆ ಊರಿಗೇ ಹೊರಟೆ. ಯೆಣೆಗೂರಿನ ಫಾಟಾದಲ್ಲಿ, ಊರಿನ ಹಾದಿ ಒಡೆಯುವಲ್ಲಿ, ಇಳಿದು ಬಾಡಿಗೆಯ ಟಮ್‌ಟಮ್ ಹತ್ತಿದೆ. ಹೊಸ ಊರು ಹಾಸಿನ ಹಾಗೆಯೇ ಇತ್ತು: ಅಡ್ಡ ಸಾಲು, ಉದ್ದ ಸಾಲು, ಒಂದೇ ಅಳತೆಯ ಸಿಮೆಂಟಿನ ಮನೆಗಳು, ಬಾಗಿಲ ಮೇಲೆ ನಂಬರು. ಚಹಾದ ಅಂಗಡಿಯಲ್ಲಿ ನಂಬರು ಹೇಳಿ ಕೇಳಿದೆ. "ಹೊಲಿಗಿ ಮಶಿನ್ ಆಕಿ ಏನ್ರೀ? ಮುರುಮ ಊರಿಗಿ ಕೊಟ್ಟಿದ್ರು. ಅಪ್ಪ ಅವ್ವ ಇಬ್ರೂ ಹೋದ ಮ್ಯಾಲ ಈ ಮನಿ ಆಕಿಗಿ ಬಂದದ. ಬಂದು ಕುಂತಾಳ," ಎಂದರು. ನನ್ನ ಕಿವಿ ನೆಟ್ಟಗಾಯಿತು. ಓಹೋ, ಮನೆ ಸಿಕ್ಕ ಮೇಲೆ ಅಪ್ಪನಿಗೆ ದೊಡ್ಡಸ್ತಿಕೆಯನ್ನೂ ಕಟ್ಟಲು ಹೊರಟಿದ್ದಾಳೆ ಎಂದುಕೊಂಡೆ. ಸಂಶಯದವನಿಗೆ ಬೆಲ್ಲ ಕೊಟ್ಟರೂ ಅದರಲ್ಲಿ ಇರುವೆಯೇ ಕಾಣುತ್ತದೆ.

ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಬಾಗಿಲ ಬೆಳಕಿಗೆ ಮಶಿನ್ ಹಾಕಿಕೊಂಡು ಕುಪ್ಪಸ ಹೊಲಿಯುತ್ತಿದ್ದಳು. ನಾನು ಯಾರೆಂದು ಹೇಳುತ್ತಲೇ ಧಡಕ್ಕನೆ ಎದ್ದಳು. "ಯವ್ವಾ, ನೀವಾ ಬಂದ್ರಿ ಏನ್ರಿ ಸರ! ಕುಂದರ್ರಿ, ಕುಂದರ್ರಿ." ನೀರು ಕೊಟ್ಟಳು, ನೀರಿನ ಜೊತೆ ಬೆಲ್ಲ ಕೊಟ್ಟಳು. ಗಂಡ ಕಬ್ಬಿನ ಹಂಗಾಮೆಂದು ಮುರುಮದಲ್ಲೇ ಇದ್ದನಂತೆ.

"ಮೂಲ ಕಾಗದ ಅದ ಏನ್ ತಂಗಿ?" ಎಂದೆ. ಪಂಚನಾಮೆಯ ದನಿಯಲ್ಲೇ ಕೇಳಿರಬೇಕು.

ಟ್ರಂಕಿನಿಂದ ಒಂದು ಅಂಚೆ ಕಾಗದ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. "ಅಪ್ಪ ಮುರುಮಕ್ಕ ನನಗ ಬರದದ್ರಿ. ಅಪ್ಪನ ಕೈಯಿಂದು ಉಳದದ್ದು ಇದೊಂದೇ. ಯಾಕಂದ್ರ ಇದು ಆ ಊರಾಗ ಇರಲಿಲ್ಲ."

ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಕಾಗದವನ್ನು ಬೆಳಕಿಗೆ ಹಿಡಿದೆ. ಅಂಚೆಯ ಮುದ್ರೆ ನೋಡಿದೆ, ಭೂಕಂಪಕ್ಕೆ ಮೊದಲಿನದೇ. ಮಡಿಕೆಯ ಗೆರೆಯ ಮೇಲೆ ಶಾಯಿ ಒಡೆದಿದೆಯೋ ಇಲ್ಲವೋ ಎಂದು ನೋಡಿದೆ. ಬಿರುಕಿನೊಳಗೆ ಬೆರಳು ಹಾಕಿದವನಲ್ಲವೇ ನಾನು! ಮೇಲೆ ಮನೆಯ ಸುದ್ದಿ ಇತ್ತು: ಎತ್ತಿನ ಕಾಲು ವಾಸಿಯಾಯಿತು, ಅವ್ವನ ಮೊಣಕಾಲು ನೋವು ಹಾಗೇ ಇದೆ, ಶೇಂಗಾ ಚೆನ್ನಾಗಿ ಬಂದಿದೆ. ಕೆಳಗೆ ಹಾಸು. ಹಾಸಿನ ಕೆಳಗೆ ಒಂದು ಸಾಲು: ಮೂರು ತಿಂಗಳು ಕೂತು ಕಟ್ಟಿದ್ದೇನೆ, ನಿನ್ನ ಗಂಡನಿಗೆ ತೋರಿಸು, ಅವನಿಗೂ ಆಗದಿದ್ದರೆ ಜೊತೆಗಿಟ್ಟ ಚೀಟಿಯಲ್ಲಿ ಉತ್ತರ ನೋಡಿಕೊಳ್ಳಿ, ಚೀಟಿಯೂ ತಿಳಿಯದಿದ್ದರೆ ನಾನೇ ಬಂದು ಆಡಿ ತೋರಿಸುತ್ತೇನೆ.

"ಬರ್ಲೇ ಇಲ್ರಿ," ಎಂದಳು.

ಆ ಮಾತಿಗೆ ನನ್ನ ಎದೆ ಒಂದು ಗಳಿಗೆ ಕರಗಿತು. ಕರಗಿದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬಂತು. ಕಣ್ಣೀರೂ ಒಂದು ನಡೆ, ಮೋಸ ಹೋಗಬೇಡ ಎಂದಿತು ಒಳಗಿನ ಪಂಚನಾಮೆಯವನು. ಚೀಲದಿಂದ ನನ್ನ ಹಾಸು ತೆಗೆದು ನಾಲ್ಕು ಕಾಯಿ ಇಟ್ಟೆ.

"ನೋಡು. ಬಿಳಿ ನಡೀತು, ಕರಿ ನಡೀತು. ಬಿಳಿ ವಜೀರ ಆಯ್ತು. ಈಗ ಕರೀದೂ ವಜೀರ ಆಯ್ತು, ಮ್ಯಾಲ ನಿನ್ನ ರಾಜಗ ಶಹ. ಎಲ್ಲಿ ಗೆದ್ದಿ ಹೇಳು?"

ಆಕೆ ಕರಿ ಪ್ಯಾದೆ ಮುಟ್ಟಿದ ಕೊನೆಯ ಮನೆಯ ಮೇಲೆ ಬೆರಳಿಟ್ಟಳು. "ಆದ್ರ ಸರ, ಅದು ಕುದುರಿ..."

"ಕುದುರಿ ಎಲ್ಲಿಂದ ಬಂತವಾ? ನಾಲ್ಕು ಕಾಯಿನ್ಯಾಗ ಕುದುರಿ ಅದ ಏನು?"

"ಹಂಗಲ್ರಿ, ನಾ ಅಂದದ್ದು..."

"ನಾ ಆಟ ಕಲ್ತು ಇಪ್ಪತ್ತು ವರ್ಷ ಆಯ್ತು. ಇಲ್ದಿದ್ದ ಕುದುರಿ ನನಗ ತೋರಸಬ್ಯಾಡ. ಇದು ಎಲ್ಲಿಂದ ಇಳಿಸಿಕೊಂಡದ್ದು, ಅದೊಂದು ಹೇಳು ಸಾಕು."

ಆಕೆಯ ಮುಖ ಸಣ್ಣದಾಯಿತು. ಬೆರಳನ್ನು ಹಾಸಿನ ಮೇಲಿಂದ ತೆಗೆದಳು. ಆಮೇಲೆ ತಲೆ ಎತ್ತದೆಯೇ ಹೇಳಿದಳು: "ನಮ್ಮಪ್ಪನ ಹೆಸರು ಒಂದೇ ಸಲ ಛಾಪಾ ಆಗ್ಯಾದ್ರಿ ಸರ, ಸತ್ತವರ ಯಾದಿಯಾಗ. ಫೋಟೋ ಸುದ್ದಾ ಉಳದಿಲ್ಲ. ಇನ್ನೊಂದು ಸಲ ಹೆಸರು ಬರ್ಲಿ ಅಂತ ಬರದೆ. ಅಂವಾ ಏನರೇ ಮಾಡ್ಯಾನಂತ ಬರ್ಲಿ, ಸತ್ತಾನಂತ ಬ್ಯಾಡ. ಅಷ್ಟಾ ರೀ."

ಇಷ್ಟು ಕೇಳಿದ ಮೇಲೆ ಯಾವ ಮನುಷ್ಯನಾದರೂ ಮೆತ್ತಗಾಗುತ್ತಾನೆ. ನಾನು ಹಾಸು ಮಡಚಿ, ಚಹಾ ಕುಡಿಯದೇ ಎದ್ದು ಬಂದೆ.

ಬಂದವನು ಸುಮ್ಮನಿದ್ದೆನೇ? ಇಲ್ಲ. ಪತ್ರಿಕೆಯಲ್ಲಿ ಆ ವಾರ ಅದೇ ಹಾಸನ್ನು ಹಾಕಿಸಿದೆ. ಕೆಳಗೆ ಆಕೆಯ ತಂದೆಯ ಹೆಸರು. ಅದರ ಕೆಳಗೆ ನನ್ನ ಮಾತು: 'ನಕಲು ಮಾಡುವವರು ಎಚ್ಚರದಿಂದ ಮಾಡಲಿ. ಕೊನೆಯ ಮನೆ ಮುಟ್ಟಿದ ಪ್ಯಾದೆ ವಜೀರನಾಗುತ್ತದೆ ಎಂಬುದನ್ನೂ ಈ ಮಹಾಶಯರು ಮರೆತಿದ್ದಾರೆ. ಬಿಳಿ ಗೆಲ್ಲುವುದಿಲ್ಲ.' ಬರೆದು ಮುಗಿಸಿದಾಗ ಒಂದು ಸುಳ್ಳು ಗೋಡೆ ಕೆಡವಿದಷ್ಟು ಸಮಾಧಾನವಾಯಿತು. ಒಂದು ಪ್ರತಿಯನ್ನು ಆಕೆಗೆ ಅಂಚೆಯಲ್ಲಿ ಕಳಿಸಿಯೂ ಬಿಟ್ಟೆ. ಮಾಡುವುದು ಮಾಡಿ ಮೇಲೆ ಮುಖಕ್ಕೇ ಹಿಡಿಯಬೇಕಲ್ಲ!

ಹೆಂಡತಿ ಓದಿ ಪತ್ರಿಕೆಯನ್ನು ಮಡಚಿಟ್ಟಳು. "ಸತ್ತಂವನ ಮ್ಯಾಲ ಕೈ ಮಾಡೀರಿ," ಎಂದಳು ಅಷ್ಟೇ. ಆ ದಿನ ಊಟ ಬಡಿಸುವಾಗ ಸಪ್ಪಳ ಜಾಸ್ತಿ ಇತ್ತು.

ಆಕೆಯಿಂದ ಉತ್ತರ ಬರಲಿಲ್ಲ. ಬೈದು ಬರೆದಿದ್ದರೆ ಅದರಲ್ಲೂ ಹುಳುಕು ಹುಡುಕುತ್ತಿದ್ದೆನೇನೋ. ಬರೆಯದೇ ಇದ್ದದ್ದಕ್ಕೆ, ನೋಡು, ಒಪ್ಪಿಕೊಂಡಳು, ಮೌನಂ ಸಮ್ಮತಿ ಲಕ್ಷಣಂ ಎಂದು ಹೆಂಡತಿಯ ಮುಂದೆ ಎರಡು ಸಲ ಹೇಳಿದೆ. ಆಕೆ ಎರಡು ಸಲವೂ ಒಲೆಯ ಕಡೆ ತಿರುಗಿದಳು.

ಮುಂದೆ ಬೇಸಿಗೆಯಲ್ಲಿ ಹೆಂಡತಿಯ ಅಣ್ಣನ ಮಗಳ ಮದುವೆ ಬಂತು. ಸೀರೆ ತೆಗೆಯಲು ಉದಗೀರಕ್ಕೇ ಹೋಗಬೇಕೆಂದು ಹಟ ಹಿಡಿದಳು. ಅಲ್ಲಿ ಆಕೆಯ ತವರಿನವರು ಮೂರು ತಲೆಮಾರಿನಿಂದ ಹೋಗುವ ಒಂದು ಅರಬಿ ಅಂಗಡಿ, ಅಂದರೆ ಬಟ್ಟೆಯ ಅಂಗಡಿ, ಇದೆ. ಮಾಲಕರು ವಯಸ್ಸಾದವರು, ಹಣೆಯ ತುಂಬ ವಿಭೂತಿ, 'ಶಿವಶಿವಾ' ಎನ್ನದೆ ಅರಬಿ ಹರಿಯುವವರಲ್ಲ. ಮಧ್ಯಾಹ್ನದ ಬಿಸಿಲಿಗೆ ಗಿರಾಕಿಗಳು ಇರಲಿಲ್ಲ. ಆಳು ಹೆಂಡತಿಯ ಮುಂದೆ ಸೀರೆ ಬಿಚ್ಚಿ ಹಾಕುತ್ತಿದ್ದ. ಸಾವಕಾರರು ಗಾದಿಯ ಮೇಲೆ, ಪಕ್ಕದ ಕಿರಾಣಿ ಅಂಗಡಿಯವರ ಜೊತೆ ಚದುರಂಗ ಆಡುತ್ತಿದ್ದರು. ಬಟ್ಟೆಯ ಹಾಸು, ಕಟ್ಟಿಗೆಯ ಕಾಯಿಗಳು, ಕೈಯ ಎಣ್ಣೆ ಹತ್ತಿ ಹತ್ತಿ ಕಪ್ಪಾದ ಬಿಳಿ. ನಾನು ಹತ್ತಿರ ಸರಿದು ಕೂತೆ.

ಸಾವಕಾರರ ಒಂದು ಪ್ಯಾದೆ ಕೊನೆಯ ಮನೆ ಮುಟ್ಟಿತು. ಅವರ ಸತ್ತ ವಜೀರ ಗಾದಿಯ ಮೇಲೆ ಬಿದ್ದಿತ್ತು. ಅದನ್ನು ಬಿಟ್ಟು, ಪಕ್ಕದಲ್ಲಿದ್ದ ಕುದುರೆಯನ್ನು ಎತ್ತಿ ಆ ಮನೆಯಲ್ಲಿಟ್ಟರು. ಎದುರಿನವರು ಚಕಾರ ಎತ್ತಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಸಾವಕಾರ್ರ, ವಜೀರ ತಗೊಳ್ರಿ! ಆಟ ಮುಗೀತದ."

"ಎಲ್ಲಿ ವಜೀರ? ಇದು ಕುದುರಿ ಮನಿ."

ಇಬ್ಬರೂ ಸೇರಿ ನನ್ನನ್ನು ಆಡಿಸುತ್ತಿದ್ದಾರೆ ಎಂದುಕೊಂಡೆ. ಅಥವಾ ಸಾವಕಾರರಿಗೆ ಅರಳು ಮರಳು, ಎದುರಿನವನು ಅದರ ಲಾಭ ತೆಗೆದುಕೊಳ್ಳುತ್ತಿದ್ದಾನೆ. "ಯಾವ ಮನಿ ಆದ್ರೇನು? ಕೊನೀ ಮನಿ ಮುಟ್ಟಿದ್ರ ವಜೀರ," ಎಂದೆ, ಸ್ವಲ್ಪ ಜೋರಾಗಿಯೇ.

ಸಾವಕಾರರು ಹೊಟ್ಟೆ ಅಲುಗುವಂತೆ ನಕ್ಕರು. "ಅದು ನಿಮ್ಮ ಪುಸ್ತಕದ ಆಟ ಮಾಸ್ತರ್ರ, ವಿಲಾಯತಿದು. ನಮ್ಮದು ದೇಶೀ. ಇಲ್ಲಿ ಪ್ಯಾದೆ ಯಾರ ಮನಿಗಿ ಹೋಗ್ತದೋ ಅವರಾ ಆಗ್ತದ. ಆನಿ ಮನಿಗಿ ಹೋದ್ರ ಆನಿ. ಒಂಟಿ ಮನಿಗಿ ಹೋದ್ರ ಒಂಟಿ. ಕುದುರಿ ಮನಿಗಿ ಹೋದ್ರ ಕುದುರಿ. ವಜೀರ ಆಗ್ಬೇಕಂದ್ರ ನಡುವಿನ ಎರಡು ಸಾಲಿನ್ಯಾಗ ನಡದು ಹೋಗ್ಬೇಕು. ನಮ್ಮಜ್ಜ ಹಿಂಗಾ ಆಡ್ಯಾನ, ನಮ್ಮಪ್ಪ ಹಿಂಗಾ ಆಡ್ಯಾನ. ಹಳ್ಳಿಯಾಗ ಎಲ್ಲಿ ಹೋಗ್ರಿ, ಇದಾ ಆಟ."

ಆದ್ರ ಸರ, ಅದು ಕುದುರಿ...

ಆ ಹೆಣ್ಣುಮಗಳು ಹೇಳಲು ಹೊರಟದ್ದು ಇದನ್ನೇ. ಅವರ ಆಟ ಮುಗಿಯುವವರೆಗೆ ಕಾಯಲಿಲ್ಲ. ಕೈ ಮುಗಿದು, ಒಂದು ಗಳಿಗೆ ಹಾಸು ಕೊಡಿ ಎಂದು ಬೇಡಿಕೊಂಡೆ. ನಾಲ್ಕು ಕಾಯಿಗಳನ್ನು ಇಟ್ಟೆ. ಎರಡು ತಿಂಗಳು ಇಟ್ಟು ಇಟ್ಟು ಕೈಗೆ ಬಾಯಿಪಾಠವಾಗಿತ್ತು. ಬಿಳಿ ಪ್ಯಾದೆ ವಜೀರನ ಸಾಲಿನಲ್ಲಿತ್ತು. ಕರಿ ಪ್ಯಾದೆ ಕುದುರೆಯ ಸಾಲಿನಲ್ಲಿತ್ತು. ಇಷ್ಟು ದಿನ ಅದನ್ನು ನೋಡಿಯೂ ನೋಡಿರಲಿಲ್ಲ. ಪುಸ್ತಕದ ಆಟದಲ್ಲಿ ಸಾಲು ಯಾವುದಾದರೂ ಒಂದೇ ತಾನೇ.

"ಬಿಳಿ ಮೊದಲು. ಬಿಳಿ ಗೆಲ್ಬೇಕು," ಎಂದೆ.

ಸಾವಕಾರರು ಹಾಸಿನ ಮೇಲೆ ಬಾಗಿದರು. ಒಂದು ಸಲ ಬಿಳಿ ರಾಜನ ತಲೆ ಮುಟ್ಟಿ ಬಿಟ್ಟರು. ಆಮೇಲೆ ಅವರ ಮುಖ ನಿಧಾನವಾಗಿ ಅರಳಿತು. "ಶಿವಶಿವಾ! ಕರೀದಕ್ಕ ಹಾದಿ ಬಿಡ್ರಿ. ಹೋಗ್ಲಿ, ಹೋಗಿ ಏನಾಗ್ತದ? ಕುದುರಿ ಆಗ್ತದ. ನಿಮ್ಮದು ವಜೀರ. ವಜೀರನ ಮುಂದ ಒಂದು ಕುದುರಿ ಎಷ್ಟೊತ್ತು ಓಡ್ತದ? ಅಂಜಿ ಅದರ ಹಿಂದ ಓಡಿದ್ರಿ ಅಂದ್ರ ಎರಡೂ ಹೋದ್ವು. ಬಿಟ್ಟಂವಾ ಗೆದ್ದ, ಹಿಡೀಲಿಕ್ಕ ಹೋದಂವಾ ಕೆಟ್ಟ." ಕಿರಾಣಿಯವರನ್ನು ತೋಳು ಹಿಡಿದು ಎಳೆದು ತೋರಿಸಿದರು. "ಯಾರು ಕಟ್ಯಾರ್ರಿ ಇದು? ಭಾಳ ದೊಡ್ಡ ಮನಸಿನಂವಾ ಇರ್ಬೇಕು. ಎಲ್ಲ್ಯಾರ ಅವ್ರು?"

"ತೀರಿಕೊಂಡಾರ್ರಿ. ಭೂಕಂಪದಾಗ."

ಸಾವಕಾರರು ಹಾಸಿಗೆ ಕೈ ಮುಟ್ಟಿಸಿ ಹಣೆಗೆ ಹಚ್ಚಿಕೊಂಡರು. ಕಾಯಿಗಳನ್ನು ಕದಲಿಸದೆ ಹಾಗೇ ಬಿಟ್ಟು ಚಹಾಕ್ಕೆ ಹೇಳಿದರು.

ಮರಳುವ ಹಾದಿಯಲ್ಲಿ ನೀಲಂಗಾ ಬಂತು. ಅಲ್ಲಿ ಬಸ್ಸು ನಿಂತಾಗ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಸೀರೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಂಡಳು. ಇಂಥ ಸಮಯಕ್ಕೆ ಆಕೆ ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು. "ಆ ಹುಡುಗಿ ಬಾಯಿ ತೆರದಾಗ ಒಂದು ನಿಮಿಷ ಸುಮ್ಮನಿರಬೇಕಿತ್ತಿಲ್ಲೋ?" ಎಂದಳು. ಹೌದು. ಒಂದೇ ನಿಮಿಷ. ನಾಲ್ಕು ರವಿವಾರ ನೀಲಂಗಾದಲ್ಲಿ ಕಳೆದವನಿಗೆ ಆ ಒಂದು ನಿಮಿಷ ಇರಲಿಲ್ಲ. ಶಾಯಿ ನೋಡಿದೆ, ಮುದ್ರೆ ನೋಡಿದೆ, ಮಡಿಕೆ ನೋಡಿದೆ. ನಿಮ್ಮೂರಿನಲ್ಲಿ ಹೇಗೆ ಆಡುತ್ತಿದ್ದಿರಿ ಎಂದು ಮಾತ್ರ ಕೇಳಲಿಲ್ಲ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ ಎಂದು ನನಗೆ ನಾನೇ ಬೈದುಕೊಂಡೆ.

ಮರುದಿನವೇ ತಪ್ಪೊಪ್ಪಿಗೆ ಬರೆದೆ. ನಾಲ್ಕು ಹಾಳೆ ಆಯಿತು. ದೇಶೀ ಆಟದ ನಿಯಮ, ಸಮಸ್ಯೆಯ ಜಾಣತನ, ನನ್ನ ಅವಿವೇಕ, ಎಲ್ಲ ಇತ್ತು. ಸಂಪಾದಕರು ಹಾಳೆಗಳನ್ನು ಕೈಯಲ್ಲಿ ತೂಗಿ ನೋಡಿದರು. ಮದುವೆಯ ಹಂಗಾಮು, ಜಾಹೀರಾತು ತುಂಬಿವೆ, ಜಾಗ ಇಲ್ಲ ಎಂದರು. ಜಗಳ ಆಡಿದೆ. ಕೊನೆಗೆ ಪಾತ್ರೆ ಅಂಗಡಿಯ ಜಾಹೀರಾತಿನ ಕೆಳಗೆ ಎರಡು ಬೆರಳಿನಷ್ಟು ಜಾಗ ಸಿಕ್ಕಿತು. ಇಂಥವರು ಕಟ್ಟಿದ ಸಮಸ್ಯೆ ದೇಶೀ ನಿಯಮದಂತೆ ಸಂಪೂರ್ಣ ಸರಿಯಾಗಿದೆ, ಅದು ಅವರ ಸ್ವಂತದ್ದು, ಅಂಕಣಕಾರನ ತಪ್ಪಿಗೆ ಕ್ಷಮೆ ಇರಲಿ. ಅಷ್ಟೇ. ಆಕೆಯ ತಂದೆಯ ಹೆಸರು ಇತ್ತು. ಹಾಸು ಹಾಕಲು ಜಾಗ ಇರಲಿಲ್ಲ.

ಈ ಸಲ ಅಂಚೆಗೆ ಹಾಕಲಿಲ್ಲ. ಆ ತುಣುಕನ್ನು ಕತ್ತರಿಸಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಯೆಣೆಗೂರಿನ ಫಾಟಾದಲ್ಲಿ ಇಳಿದೆ. ಟಮ್‌ಟಮ್ ಇರಲಿಲ್ಲ. ಬಿಸಿಲಲ್ಲಿ ನಡೆದೇ ಹೋದೆ. ಬಾಗಿಲು ಮುಖಕ್ಕೆ ಹಾಕಿಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ.

ಆಕೆ ಅದೇ ಬಾಗಿಲ ಬೆಳಕಿನಲ್ಲಿ ಮಶಿನ್ ಮುಂದೆ ಕೂತಿದ್ದಳು. ನನ್ನನ್ನು ನೋಡಿ ಎದ್ದಳು, ಮೊದಲಿನಷ್ಟು ಧಡಕ್ಕನೆ ಅಲ್ಲ. ಆದರೂ ನೀರು ಕೊಟ್ಟಳು, ಬೆಲ್ಲವನ್ನೂ ಕೊಟ್ಟಳು. ಬೆಲ್ಲವನ್ನು ಕೈಯಲ್ಲೇ ಹಿಡಿದು ಕೂತೆ. ತಲೆ ಎತ್ತಿದೆ. ಆಕೆಯ ಹಿಂದಿನ ಗೋಡೆಯ ಮೇಲೆ, ದೇವರ ಫೋಟೋದ ಪಕ್ಕದಲ್ಲಿ, ಗಾಜು ಹಾಕಿಸಿದ ಒಂದು ಚೌಕಟ್ಟು ಇತ್ತು. ಅದಕ್ಕೆ ಕುಂಕುಮ ಹಚ್ಚಿದ್ದರು.

ಒಳಗೆ ನನ್ನ ಅಂಕಣ. ನಾನು ಅವಮಾನ ಮಾಡಲೆಂದು ಛಾಪಿಸಿದ ಅದೇ ಕಾಗದ. ಮೇಲೆ ಹಾಸು, ನಾಲ್ಕು ಕಾಯಿ. ಕೆಳಗೆ ತಂದೆಯ ಹೆಸರು. ಅದರ ಕೆಳಗೆ ಏನೂ ಇರಲಿಲ್ಲ. ನನ್ನ ಮಾತಿದ್ದ ಭಾಗವನ್ನು ಹೊಲಿಗೆಯ ಕತ್ತರಿಯಿಂದ ಕತ್ತರಿಸಿ ತೆಗೆದಿದ್ದಳು. ಅಕ್ಷರದ ಒಂದು ತುದಿಯೂ ಉಳಿಯದಂತೆ, ನೂಲು ಹಿಡಿದಷ್ಟು ನೆಟ್ಟಗೆ.

"ಅದ್ರ ಕೆಳಗಿಂದು..." ಎಂದೆ.

"ಕತ್ತರಸೀನ್ರಿ. ಕುಪ್ಪಸ ಹೊಲ್ಯಾಗ ಹೆಚ್ಚಾದ ಅರಬಿ ಕತ್ತರಸ್ತೀವಲ್ರೀ, ಹಂಗ."

ಕಿಸೆಯಿಂದ ತುಣುಕು ತೆಗೆದು ಕೊಟ್ಟೆ. ಆಕೆ ಬೆರಳಿಟ್ಟು ನಿಧಾನವಾಗಿ ಓದಿದಳು. ತಂದೆಯ ಹೆಸರಿಗೆ ಬಂದಾಗ ಬೆರಳು ನಿಂತಿತು. ಇನ್ನೊಂದು ಸಲ ಓದಿದಳು. ನನಗೆ ತಡೆಯಲಾಗದೆ ಕೇಳಿಬಿಟ್ಟೆ: "ನಿನಗ ಗೊತ್ತಿತ್ತಲ್ಲವಾ, ಅದು ಕುದುರಿ ಆಗ್ತದಂತ. ನನಗ ಯಾಕ ಹೇಳಲಿಲ್ಲ?"

"ಹೇಳಿದ್ನಲ್ರಿ ಸರ," ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅದನ್ನಾದರೂ ಹಿಡಿದುಕೊಳ್ಳುತ್ತಿದ್ದೆ.

ಗೋಡೆಯ ಚೌಕಟ್ಟಿನ ಹತ್ತಿರ ತುಣುಕನ್ನು ಹಿಡಿದು ನೋಡಿದಳು, ಅಲ್ಲಿ ಜಾಗ ಇದೆಯೋ ಎನ್ನುವಂತೆ. ಆಮೇಲೆ ತಲೆ ಅಲ್ಲಾಡಿಸಿದಳು. "ಚಂದ ಬರದೀರಿ ಸರ. ಆದ್ರ ಇದ್ರಾಗ ಅಪ್ಪನ ಆಟ ಇಲ್ಲಲ್ರಿ."

ತುಣುಕನ್ನು ಮಡಿಕೆ ಬೀಳದಂತೆ ನನ್ನ ಅಂಗೈಯಲ್ಲಿಟ್ಟಳು. "ಇದು ನಿಮ್ಮ ಹತ್ರಾನೇ ಇರ್ಲಿ. ನಿಮಗ ಬೇಕಾಗ್ತದ," ಎಂದು ಹೇಳಿ ಚಹಾಕ್ಕೆ ನೀರಿಡಲು ಒಳಗೆ ಹೋದಳು. ಈ ಸಲ ನಾನು ಚಹಾ ಕುಡಿಯುವವರೆಗೆ ಕೂತೆ.